ಕಾರಿನ ಇಂಧನ ಕ್ಷಮತೆ ಕುಂಠಿತವಾಗಲು ಕಾರಣಗಳು ಮತ್ತು ಅವುಗಳನ್ನು ಪತ್ತೆ ಹಚ್ಚುವ ಕ್ರಮ

ಸಾರ್ವಜನಿಕ ಮಾಹಿತಿ: ಹಾವೇರಿ ಜಿಲ್ಲೆ, ಶಿಗ್ಗಾಂವ ತಾಲ್ಲೂಕು, ದುಂಡಸಿ ಹಾಗೂ ಸುತ್ತಲಿನ ಗ್ರಾಮಗಳ ವಾಹನ ಮಾಲೀಕರಿಗಾಗಿ

1. ಪೀಠಿಕೆ

ಒಂದು ಲೀಟರ್ ಇಂಧನದಲ್ಲಿ ವಾಹನವು ಕ್ರಮಿಸುವ ದೂರವನ್ನು ಇಂಧನ ಕ್ಷಮತೆ ಎಂದು ಕರೆಯಲಾಗುತ್ತದೆ. ವಾಡಿಕೆಯಲ್ಲಿ ಇದಕ್ಕೆ ಮೈಲೇಜ್ ಎಂಬ ಹೆಸರಿದೆ. ತಿಂಗಳಿಗೆ 900 ಕಿ.ಮೀ. ಸಂಚರಿಸುವ ಕಾರು ಲೀಟರಿಗೆ 18 ಕಿ.ಮೀ. ನೀಡುತ್ತಿದ್ದಲ್ಲಿ 50 ಲೀಟರ್ ಇಂಧನ ಸಾಕಾಗುತ್ತದೆ. ಅದೇ ಕಾರು 15 ಕಿ.ಮೀ. ನೀಡಲಾರಂಭಿಸಿದರೆ 60 ಲೀಟರ್ ಬೇಕಾಗುತ್ತದೆ. ವರ್ಷವೊಂದಕ್ಕೆ 120 ಲೀಟರ್ ಹೆಚ್ಚುವರಿ ಇಂಧನದ ವೆಚ್ಚ ಕುಟುಂಬದ ಮೇಲೆ ಬೀಳುತ್ತದೆ. ಒಂದು ಲೀಟರ್ ಪೆಟ್ರೋಲ್ ಉರಿದಾಗ ಸುಮಾರು 2.3 ಕಿ.ಗ್ರಾಂ. ಇಂಗಾಲದ ಡೈಆಕ್ಸೈಡ್ ಹೊರಬೀಳುವುದರಿಂದ, ಇದು ಪರಿಸರಕ್ಕೂ ಹೊರೆಯಾಗಿ ಪರಿಣಮಿಸುತ್ತದೆ.

ಮೈಲೇಜ್ ಕಡಿಮೆಯಾದ ಕೂಡಲೇ ಎಂಜಿನ್ ಬಿಚ್ಚಿಸುವುದು, ಇಂಜೆಕ್ಟರ್ ಬದಲಾಯಿಸುವುದು ಅಥವಾ ಪೆಟ್ರೋಲ್ ಬಂಕ್‌ನವರ ಮೇಲೆ ಸಂಶಯಪಡುವುದು ಸಾಮಾನ್ಯವಾಗಿ ಕಂಡುಬರುತ್ತದೆ. ಆದರೆ ಬಹಳಷ್ಟು ಸಂದರ್ಭಗಳಲ್ಲಿ ಕಾರಣವು ಎಂಜಿನ್‌ನ ಹೊರಗಿರುತ್ತದೆ ಮತ್ತು ಅದನ್ನು ಹಣ ವ್ಯಯಿಸದೆಯೇ ಪತ್ತೆ ಹಚ್ಚಬಹುದಾಗಿದೆ. ಆದ್ದರಿಂದ ಮೊದಲು ಅಳತೆ, ನಂತರ ಖರ್ಚಿಲ್ಲದ ತಪಾಸಣೆ, ಕೊನೆಗೆ ದುರಸ್ತಿ ಎಂಬ ಕ್ರಮವನ್ನು ಅನುಸರಿಸುವುದು ಸೂಕ್ತ. ಆ ಕ್ರಮದಲ್ಲಿಯೇ ವಿವರಗಳನ್ನು ಇಲ್ಲಿ ನೀಡಲಾಗಿದೆ.

2. ಮೈಲೇಜ್ ಅಳೆಯುವ ಸರಿಯಾದ ವಿಧಾನ

ಇಂಧನ ಸೂಚಕದ ಮುಳ್ಳನ್ನು ನೋಡಿ ಅಥವಾ ಇಂತಿಷ್ಟು ರೂಪಾಯಿಯ ಪೆಟ್ರೋಲ್ ಎಷ್ಟು ದಿನ ಬಂತು ಎಂಬುದನ್ನು ಆಧರಿಸಿ ಮಾಡುವ ಅಂದಾಜು ನಂಬಲರ್ಹವಲ್ಲ. ಡ್ಯಾಶ್‌ಬೋರ್ಡ್‌ನಲ್ಲಿ ಕಾಣುವ ಸರಾಸರಿಯೂ ಲೆಕ್ಕಾಚಾರದ ಅಂದಾಜೇ ಆಗಿರುತ್ತದೆ. ಕೆಳಕಂಡ ವಿಧಾನವನ್ನು ಅನುಸರಿಸತಕ್ಕದ್ದು:

ಅ) ನಳಿಕೆಯು ತಾನಾಗಿ ಮೊದಲ ಬಾರಿ ನಿಲ್ಲುವವರೆಗೆ ಇಂಧನ ತುಂಬಿಸಿ, ಓಡೋಮೀಟರ್ ಅಂಕಿಯನ್ನು ಬರೆದಿಟ್ಟುಕೊಳ್ಳುವುದು.

ಆ) ಟ್ಯಾಂಕ್ ಅರ್ಧಕ್ಕಿಂತ ಕೆಳಗೆ ಇಳಿಯುವವರೆಗೆ ಎಂದಿನಂತೆ ಕಾರನ್ನು ಬಳಸುವುದು.

ಇ) ಸಾಧ್ಯವಾದಷ್ಟು ಅದೇ ಬಂಕ್‌ನ ಅದೇ ಪಂಪಿನಲ್ಲಿ, ಮತ್ತೆ ಮೊದಲ ಬಾರಿ ನಿಲ್ಲುವವರೆಗೆ ತುಂಬಿಸಿ, ಲೀಟರ್ ಪ್ರಮಾಣವನ್ನು ರಸೀದಿಯಿಂದ ಗುರುತಿಸಿಕೊಳ್ಳುವುದು.

ಈ) ಕ್ರಮಿಸಿದ ದೂರವನ್ನು ಎರಡನೆಯ ಬಾರಿ ತುಂಬಿಸಿದ ಲೀಟರ್‌ನಿಂದ ಭಾಗಿಸುವುದು.

ಉದಾಹರಣೆಗೆ, ಮೊದಲ ಅಂಕಿ 42,310 ಹಾಗೂ ಎರಡನೆಯ ಅಂಕಿ 42,742 ಆಗಿದ್ದು, 27 ಲೀಟರ್ ತುಂಬಿಸಿದ್ದಲ್ಲಿ, 432 ಅನ್ನು 27ರಿಂದ ಭಾಗಿಸಿದಾಗ ಲೀಟರಿಗೆ 16 ಕಿ.ಮೀ. ಎಂದಾಗುತ್ತದೆ.

ಟ್ಯಾಂಕ್ ತುಂಬುವ ಮಟ್ಟದಲ್ಲಿ ಒಂದು ಲೀಟರ್ ವ್ಯತ್ಯಾಸವಾದರೆ 10 ಲೀಟರ್ ಖರೀದಿಯಲ್ಲಿ ಶೇಕಡ 10ರಷ್ಟು ತಪ್ಪು ಉಂಟಾಗುತ್ತದೆ. 30 ಲೀಟರ್ ಖರೀದಿಯಲ್ಲಿ ಅದು ಶೇಕಡ 3ರ ಆಸುಪಾಸಿಗೆ ಇಳಿಯುತ್ತದೆ. ಆದುದರಿಂದ ಕನಿಷ್ಠ ಮೂರು ಬಾರಿಯ ಒಟ್ಟು ದೂರವನ್ನು ಒಟ್ಟು ಲೀಟರ್‌ನಿಂದ ಭಾಗಿಸಿದ ನಂತರವೇ ತೀರ್ಮಾನಕ್ಕೆ ಬರುವುದು ಉಚಿತ.

ಮೂಲ ಅಳತೆಗಿಂತ ದೊಡ್ಡ ಟೈರ್ ಅಳವಡಿಸಿದ್ದಲ್ಲಿ ಓಡೋಮೀಟರ್ ನಿಜವಾದ ದೂರಕ್ಕಿಂತ ಕಡಿಮೆ ತೋರಿಸುತ್ತದೆ. ಆಗ ಮೈಲೇಜ್ ಕುಸಿಯದಿದ್ದರೂ ಕುಸಿದಂತೆ ಭಾಸವಾಗುತ್ತದೆ. ಶಿಗ್ಗಾಂವ ತಾಲ್ಲೂಕಿನ ಮೂಲಕ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 48ರಲ್ಲಿ (ಹಿಂದಿನ ರಾಷ್ಟ್ರೀಯ ಹೆದ್ದಾರಿ 4) ಕಿಲೋಮೀಟರ್ ಕಲ್ಲುಗಳನ್ನು ಆಧರಿಸಿ 10 ಕಿ.ಮೀ. ದೂರಕ್ಕೆ ಓಡೋಮೀಟರ್ ತಾಳೆ ನೋಡಬಹುದು. ಕಲ್ಲುಗಳನ್ನು ಗುರುತಿಸುವ ಕೆಲಸವನ್ನು ಚಾಲಕರು ಮಾಡದೆ ಜೊತೆಯಲ್ಲಿರುವವರು ಮಾಡತಕ್ಕದ್ದು.

3. ಕುಸಿತವು ಉಂಟಾದ ರೀತಿ

ಅಳತೆಯಿಂದ ಕುಸಿತವು ಖಚಿತವಾದ ನಂತರ, ಅದು ಹೇಗೆ ಉಂಟಾಯಿತು ಎಂಬುದನ್ನು ನೆನಪಿಸಿಕೊಳ್ಳಬೇಕು. ಕಾರಣದ ಕಡೆಗೆ ಇದೇ ಮೊದಲ ಸುಳಿವು ನೀಡುತ್ತದೆ.

ದಿಢೀರನೆ ಉಂಟಾದ ಕುಸಿತ: ಇಂಧನ ಸೋರಿಕೆ, ಹಿಡಿದುಕೊಂಡ ಬ್ರೇಕ್, ಸಂವೇದಕದ ದೋಷ, ಇತ್ತೀಚೆಗೆ ಮಾಡಿಸಿದ ದುರಸ್ತಿ ಅಥವಾ ಇತ್ತೀಚೆಗೆ ತುಂಬಿಸಿದ ಇಂಧನ.

ನಿಧಾನವಾಗಿ ಉಂಟಾದ ಕುಸಿತ: ಟೈರ್ ಗಾಳಿ, ಚಕ್ರಗಳ ಜೋಡಣೆ, ಸ್ಪಾರ್ಕ್ ಪ್ಲಗ್ ಸವೆತ, ಕ್ಲಚ್ ಜಾರುವಿಕೆ.

ಋತುವಿಗೆ ಅನುಗುಣವಾದ ಕುಸಿತ: ಮಳೆಗಾಲದಲ್ಲಿ ಕೆಸರು ರಸ್ತೆ, ಗಾಜಿನ ಮಬ್ಬು ತೆಗೆಯಲು ಹವಾನಿಯಂತ್ರಕದ ಬಳಕೆ, ಸುಗ್ಗಿಯಲ್ಲಿ ಹೆಚ್ಚಿದ ಭಾರ, ಬೇಸಿಗೆಯಲ್ಲಿ ಹವಾನಿಯಂತ್ರಕ.

ಖರೀದಿಸಿದ ದಿನದಿಂದಲೇ ಕಡಿಮೆ: ತಯಾರಕರು ಪ್ರಕಟಿಸುವ ಅಂಕಿಯು ಪ್ರಯೋಗಾಲಯದಲ್ಲಿ ಉರುಳುಗಳ ಮೇಲೆ, ನಿಗದಿತ ವೇಗ ಕ್ರಮದಲ್ಲಿ ನಡೆಸಿದ ಪರೀಕ್ಷೆಯದಾಗಿರುತ್ತದೆ. ರಸ್ತೆಯ ಏರಿಳಿತ, ಗಾಳಿ, ಭಾರ ಮತ್ತು ದಟ್ಟಣೆಯಿಂದಾಗಿ ವಾಸ್ತವ ಬಳಕೆಯಲ್ಲಿ ಅದಕ್ಕಿಂತ ಕಡಿಮೆ ಬರುವುದು ಸಹಜ. ಆದ್ದರಿಂದ ಪರೀಕ್ಷಾ ಅಂಕಿಗಿಂತ ಅದೇ ಕಾರಿನ ಹಿಂದಿನ ದಾಖಲೆಯೊಂದಿಗೆ ಹೋಲಿಸುವುದು ಹೆಚ್ಚು ಉಪಯುಕ್ತ.

4. ಖರ್ಚಿಲ್ಲದೆ ಮಾಡಬಹುದಾದ ತಪಾಸಣೆಗಳು

4.1 ಇಂಧನ ಸೋರಿಕೆ: ಈ ತಪಾಸಣೆಯನ್ನು ಎಲ್ಲಕ್ಕಿಂತ ಮೊದಲು ಮಾಡತಕ್ಕದ್ದು. ರಾತ್ರಿ ನಿಲ್ಲಿಸಿದ ಸ್ಥಳದಲ್ಲಿ ಕಲೆ, ಕಾರಿನ ಸುತ್ತ ಅಥವಾ ಒಳಗೆ ಪೆಟ್ರೋಲ್ ವಾಸನೆ, ಟ್ಯಾಂಕ್ ಮುಚ್ಚಳದ ಬಿರುಕುಗಳನ್ನು ಗಮನಿಸಬೇಕು. ಬೆಂಕಿಕಡ್ಡಿ ಅಥವಾ ಲೈಟರ್ ಬೆಳಕಿನಲ್ಲಿ ಯಾವುದೇ ಕಾರಣಕ್ಕೂ ಪರಿಶೀಲಿಸಬಾರದು. ಸೋರಿಕೆ ಕಂಡುಬಂದಲ್ಲಿ ಎಂಜಿನ್ ಚಾಲೂ ಮಾಡದೆ ಮೆಕ್ಯಾನಿಕ್‌ರನ್ನು ಸ್ಥಳಕ್ಕೇ ಕರೆಸುವುದು ಸುರಕ್ಷಿತ.

4.2 ಟೈರ್ ಗಾಳಿ: ಗಾಳಿ ಕಡಿಮೆಯಾದ ಟೈರ್ ಹೆಚ್ಚು ಮಡಚಿಕೊಂಡು ಉರುಳುತ್ತದೆ. ಆ ಮಡಚುವಿಕೆಗೆ ವ್ಯಯವಾಗುವ ಶಕ್ತಿಯು ಶಾಖವಾಗಿ ನಷ್ಟವಾಗುತ್ತದೆ. ಕಾರಿಗೆ ಸೂಚಿಸಲಾದ ಒತ್ತಡವನ್ನು ಚಾಲಕರ ಬಾಗಿಲಿನ ಕಂಬದ ಮೇಲಿನ ಪಟ್ಟಿಯಲ್ಲಿ ಅಥವಾ ಮಾಲೀಕರ ಕೈಪಿಡಿಯಲ್ಲಿ ಮುದ್ರಿಸಲಾಗಿರುತ್ತದೆ. ಟೈರ್ ಪಕ್ಕದಲ್ಲಿ ಅಚ್ಚಾಗಿರುವ ಅಂಕಿಯು ಗರಿಷ್ಠ ಮಿತಿಯಾಗಿದ್ದು, ಅದು ಶಿಫಾರಸು ಅಲ್ಲ. ಟೈರ್ ತಣ್ಣಗಿರುವಾಗಲೇ ಅಳೆಯಬೇಕು. ದೂರ ಚಲಿಸಿದ ನಂತರ ಶಾಖದಿಂದ ಒತ್ತಡ ಹೆಚ್ಚಾಗಿ ಕಾಣುವುದರಿಂದ ಕೊರತೆಯು ಮರೆಯಾಗುತ್ತದೆ. ಹದಿನೈದು ದಿನಗಳಿಗೊಮ್ಮೆ ಪರಿಶೀಲಿಸುವುದು ಒಳ್ಳೆಯ ರೂಢಿ.

4.3 ಬ್ರೇಕ್ ಹಿಡಿದುಕೊಳ್ಳುವುದು: ಕೆಸರು ಮತ್ತು ತುಕ್ಕಿನಿಂದ ಬ್ರೇಕ್ ಪೂರ್ಣವಾಗಿ ಬಿಡುಗಡೆಯಾಗದಿದ್ದರೆ ಎಂಜಿನ್ ನಿರಂತರವಾಗಿ ಅದರ ವಿರುದ್ಧ ದುಡಿಯುತ್ತದೆ. ಮಳೆಗಾಲದಲ್ಲಿ ಹೊಲದ ದಾರಿಗಳಲ್ಲಿ ಸಂಚರಿಸುವ ಹಾಗೂ ಹ್ಯಾಂಡ್‌ಬ್ರೇಕ್ ಹಾಕಿ ದಿನಗಟ್ಟಲೆ ನಿಲ್ಲಿಸುವ ಕಾರುಗಳಲ್ಲಿ ಈ ತೊಂದರೆಗೆ ಅವಕಾಶ ಹೆಚ್ಚು. ಸುಮಾರು 10 ಕಿ.ಮೀ. ದೂರವನ್ನು ಹೆಚ್ಚು ಬ್ರೇಕ್ ಬಳಸದೆ ಕ್ರಮಿಸಿ ನಿಲ್ಲಿಸಿದ ನಂತರ, ಪ್ರತಿ ಚಕ್ರದ ಸಮೀಪ ಅಂಗೈ ಹಿಡಿದು ಶಾಖವನ್ನು ಹೋಲಿಸಬಹುದು. ಒಂದು ಚಕ್ರ ಮಾತ್ರ ಉಳಿದವುಗಳಿಗಿಂತ ಹೆಚ್ಚು ಬಿಸಿಯಾಗಿದ್ದಲ್ಲಿ ಅಥವಾ ಸುಟ್ಟ ವಾಸನೆ ಬಂದಲ್ಲಿ ದೋಷವು ಅಲ್ಲಿಯೇ ಇರುವ ಸಂಭವವಿದೆ. ಚಕ್ರದ ಲೋಹವನ್ನು ಮುಟ್ಟಬಾರದು. ಇದು ಸುರಕ್ಷತೆಯ ಪ್ರಶ್ನೆಯೂ ಆಗಿರುವುದರಿಂದ ದುರಸ್ತಿಯನ್ನು ಮುಂದೂಡಬಾರದು.

4.4 ಚಕ್ರಗಳ ಜೋಡಣೆ: ನೇರ ರಸ್ತೆಯಲ್ಲಿ ಕಾರು ಒಂದು ಬದಿಗೆ ಎಳೆಯುವುದು, ಟೈರ್‌ನ ಒಂದೇ ಅಂಚು ಸವೆಯುವುದು ಜೋಡಣೆ ತಪ್ಪಿರುವುದರ ಲಕ್ಷಣಗಳು. ದೊಡ್ಡ ಗುಂಡಿಗೆ ಬಿದ್ದ ನಂತರ ಇದನ್ನು ಪರಿಶೀಲಿಸುವುದು ಸೂಕ್ತ.

4.5 ಭಾರ ಮತ್ತು ವೇಗ: ಡಿಕ್ಕಿಯಲ್ಲಿ ಉಳಿದುಹೋದ ಚೀಲಗಳು, ಛಾವಣಿಯ ಮೇಲಿನ ಖಾಲಿ ಕ್ಯಾರಿಯರ್ ಸಹ ಇಂಧನ ಬಳಸುತ್ತವೆ. ಗಾಳಿಯ ಪ್ರತಿರೋಧವು ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಗಂಟೆಗೆ 80 ಕಿ.ಮೀ. ವೇಗಕ್ಕಿಂತ 100 ಕಿ.ಮೀ. ವೇಗದಲ್ಲಿ ಆ ಪ್ರತಿರೋಧವು ಒಂದೂವರೆ ಪಟ್ಟಿಗಿಂತ ಹೆಚ್ಚಾಗಿರುತ್ತದೆ. ತಡಸದಿಂದ ಹುಬ್ಬಳ್ಳಿಯವರೆಗಿನ ಹೆದ್ದಾರಿ ಪ್ರಯಾಣದಲ್ಲಿ ಮೈಲೇಜ್ ಕಡಿಮೆ ಬಂದಲ್ಲಿ, ಕಾರನ್ನು ಗ್ಯಾರೇಜಿಗೆ ಒಯ್ಯುವ ಮೊದಲು ಒಂದು ಟ್ಯಾಂಕ್ ಇಂಧನವನ್ನು ಕಡಿಮೆ ವೇಗದಲ್ಲಿ ಬಳಸಿ ನೋಡುವುದು ಲೇಸು.

4.6 ಸಣ್ಣ ಪ್ರಯಾಣಗಳು: ತಣ್ಣಗಿರುವ ಎಂಜಿನ್‌ಗೆ ಇಂಧನವು ಅಧಿಕ ಪ್ರಮಾಣದಲ್ಲಿ ಪೂರೈಕೆಯಾಗುತ್ತದೆ. ಊರೊಳಗೆ ಅಥವಾ ಪಕ್ಕದ ಹಳ್ಳಿಗೆ ಎರಡು ಮೂರು ಕಿ.ಮೀ. ಹೋಗಿ ನಿಲ್ಲಿಸುವ ಕಾರಿನಲ್ಲಿ ಎಂಜಿನ್ ಕಾಯುವ ಮೊದಲೇ ಪ್ರಯಾಣ ಮುಗಿಯುತ್ತದೆ. ಇದು ದೋಷವಲ್ಲ, ಬಳಕೆಯ ಸ್ವರೂಪ. ಹಲವು ಕೆಲಸಗಳನ್ನು ಒಂದೇ ಪ್ರಯಾಣದಲ್ಲಿ ಮುಗಿಸುವುದೇ ಇದಕ್ಕೆ ಪರಿಹಾರ. ಕಣ ಸೋಸುಕ ಅಳವಡಿಸಿದ ಭಾರತ್ ಸ್ಟೇಜ್ 6 ಡೀಸೆಲ್ ಕಾರುಗಳಲ್ಲಿ ಸೋಸುಕದಲ್ಲಿ ಸಂಗ್ರಹವಾದ ಮಸಿಯನ್ನು ಸುಡಲು ಹೆಚ್ಚುವರಿ ಇಂಧನ ಬಳಕೆಯಾಗುತ್ತದೆ. ಸಣ್ಣ ಪ್ರಯಾಣಗಳಲ್ಲಿ ಈ ಕ್ರಿಯೆಯು ಅರ್ಧಕ್ಕೆ ನಿಂತು ಪುನಃ ಪುನಃ ಆರಂಭವಾಗುವುದರಿಂದ ಮೈಲೇಜ್ ಇಳಿಯುತ್ತದೆ. ಇಂತಹ ಕಾರನ್ನು ಕೈಪಿಡಿಯಲ್ಲಿ ತಿಳಿಸಿರುವಂತೆ ಆಗಾಗ ಹೆದ್ದಾರಿಯಲ್ಲಿ ನಿಲ್ಲಿಸದೆ ಚಲಾಯಿಸಬೇಕು.

5. ಎಂಜಿನ್ ಸಂಬಂಧಿತ ಕಾರಣಗಳು

ಮೇಲಿನ ತಪಾಸಣೆಗಳಲ್ಲಿ ಕಾರಣ ದೊರೆಯದಿದ್ದಲ್ಲಿ ಮಾತ್ರ ಈ ಹಂತಕ್ಕೆ ಬರತಕ್ಕದ್ದು.

ಎಂಜಿನ್ ಎಚ್ಚರಿಕೆ ದೀಪ: ಎಂಜಿನ್ ಚಾಲೂ ಆದ ನಂತರವೂ ಈ ದೀಪ ಉರಿಯುತ್ತಿದ್ದಲ್ಲಿ ಕಾರಿನ ಕಂಪ್ಯೂಟರ್‌ನಲ್ಲಿ ದೋಷ ಸಂಕೇತ ದಾಖಲಾಗಿರುತ್ತದೆ. ಗ್ಯಾರೇಜಿನಲ್ಲಿ ಸ್ಕ್ಯಾನ್ ಮಾಡಿಸಿ ಸಂಕೇತ ಸಂಖ್ಯೆಯನ್ನು ಬರೆದು ಪಡೆಯಬೇಕು. ಪಿ 0172 ಎಂಬುದು ಇಂಧನ ಅಧಿಕವಾಗಿರುವ ಮಿಶ್ರಣವನ್ನು, ಪಿ 0128 ಎಂಬುದು ಎಂಜಿನ್ ನಿಗದಿತ ಉಷ್ಣಾಂಶವನ್ನು ತಲುಪದಿರುವುದನ್ನು ಸೂಚಿಸುತ್ತದೆ. ಸಂಕೇತವು ಲಕ್ಷಣವನ್ನು ತಿಳಿಸುತ್ತದೆಯೇ ಹೊರತು ಬದಲಾಯಿಸಬೇಕಾದ ಬಿಡಿಭಾಗವನ್ನಲ್ಲ.

ಥರ್ಮೋಸ್ಟಾಟ್: ಇದು ತೆರೆದ ಸ್ಥಿತಿಯಲ್ಲಿಯೇ ನಿಂತುಬಿಟ್ಟರೆ ಎಂಜಿನ್ ಸದಾ ತಣ್ಣಗಿರುತ್ತದೆ. ಹದಿನೈದು ನಿಮಿಷ ಚಲಿಸಿದ ನಂತರವೂ ಉಷ್ಣಾಂಶದ ಮುಳ್ಳು ಕೆಳಗೇ ಇದ್ದಲ್ಲಿ ಇದನ್ನು ಸಂಶಯಿಸಬಹುದು.

ಆಮ್ಲಜನಕ ಸಂವೇದಕ: ಹೊಗೆ ಕೊಳವೆಯಲ್ಲಿರುವ ಈ ಸಂವೇದಕವು ತಪ್ಪು ಸೂಚನೆ ನೀಡಿದರೆ ಕಂಪ್ಯೂಟರ್ ಅಗತ್ಯಕ್ಕಿಂತ ಹೆಚ್ಚು ಇಂಧನ ಪೂರೈಸುತ್ತದೆ. ಇದು ಮುಂದುವರಿದರೆ ಬೆಲೆಬಾಳುವ ಕೆಟಲಿಟಿಕ್ ಕನ್ವರ್ಟರ್ ಸಹ ಹಾಳಾಗುತ್ತದೆ.

ಸ್ಪಾರ್ಕ್ ಪ್ಲಗ್: ನಿಂತಾಗ ನಡುಕ, ಏರಿನಲ್ಲಿ ಮುಗ್ಗರಿಕೆ ಕಂಡುಬಂದಲ್ಲಿ ಪರಿಶೀಲಿಸಬೇಕು.

ವಾಯು ಸೋಸುಕ: ಧೂಳಿನ ದಾರಿಯಲ್ಲಿ ಸಂಚರಿಸುವ ಕಾರಿನ ಸೋಸುಕವು ಬೇಗ ಮುಚ್ಚಿಕೊಳ್ಳುತ್ತದೆ. ಕಾರ್ಬ್ಯುರೇಟರ್ ಇರುವ ಹಳೆಯ ಕಾರುಗಳಲ್ಲಿ ಇದರಿಂದ ಮೈಲೇಜ್ ಕುಸಿಯುತ್ತದೆ. ಇಂಧನ ಇಂಜೆಕ್ಷನ್ ಇರುವ ಪೆಟ್ರೋಲ್ ಕಾರುಗಳಲ್ಲಿ ಮುಖ್ಯವಾಗಿ ಎಳೆಯುವ ಶಕ್ತಿ ಕುಗ್ಗುತ್ತದೆ. ಮೈಲೇಜ್ ಮೇಲಿನ ಪರಿಣಾಮ ಅಲ್ಪ.

ಕ್ಲಚ್: ಮೇಲಿನ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ ಸದ್ದು ಏರಿ ವೇಗ ಏರದಿದ್ದಲ್ಲಿ ಕ್ಲಚ್ ಜಾರುತ್ತಿದೆ ಎಂದು ತಿಳಿಯಬಹುದು.

ಹೊಗೆಯ ಬಣ್ಣ: ಕಪ್ಪು ಹೊಗೆಯು ಅಧಿಕ ಇಂಧನ ಅಥವಾ ಗಾಳಿಯ ಕೊರತೆಯನ್ನು, ನೀಲಿ ಹೊಗೆಯು ಎಂಜಿನ್ ಆಯಿಲ್ ಉರಿಯುವುದನ್ನು ತೋರಿಸುತ್ತದೆ. ಎಂಜಿನ್ ಕಾದ ನಂತರವೂ ನಿಲ್ಲದ ದಟ್ಟ ಬಿಳಿ ಹೊಗೆಯು ಪೆಟ್ರೋಲ್ ಕಾರಿನಲ್ಲಿ ಶೀತಕ ದ್ರವ ಒಳಸೇರುತ್ತಿರುವ ಲಕ್ಷಣವಾಗಿರಬಹುದು.

6. ವಾಯುಮಾಲಿನ್ಯ ತಪಾಸಣಾ ಪ್ರಮಾಣ ಪತ್ರದ ಉಪಯೋಗ

ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ ನಿಯಮ 115ರನ್ವಯ, ಮೊದಲ ನೋಂದಣಿಯಿಂದ ಒಂದು ವರ್ಷ ಕಳೆದ ಪ್ರತಿ ಮೋಟಾರು ವಾಹನವು ಸಿಂಧುವಾದ ವಾಯುಮಾಲಿನ್ಯ ತಪಾಸಣಾ ಪ್ರಮಾಣ ಪತ್ರವನ್ನು ಹೊಂದಿರತಕ್ಕದ್ದು. ಇದನ್ನು ದಂಡ ತಪ್ಪಿಸುವ ಕಾಗದವೆಂದು ಮಾತ್ರ ಪರಿಗಣಿಸದೆ, ಅದರಲ್ಲಿ ಮುದ್ರಿತವಾದ ಅಂಕಿಗಳನ್ನು ಓದಿದಲ್ಲಿ ಎಂಜಿನ್‌ನ ಆರೋಗ್ಯದ ಬಗ್ಗೆ ಕಡಿಮೆ ಖರ್ಚಿನಲ್ಲಿ ಮಾಹಿತಿ ದೊರೆಯುತ್ತದೆ.

ಪೆಟ್ರೋಲ್ ಕಾರುಗಳಲ್ಲಿ ಎರಡು ಅಂಕಿಗಳು ಮುಖ್ಯವಾದವು. ಇಂಗಾಲದ ಮೊನಾಕ್ಸೈಡ್ ಹೆಚ್ಚಾಗಿದ್ದಲ್ಲಿ ಮಿಶ್ರಣದಲ್ಲಿ ಇಂಧನ ಅಧಿಕವಾಗಿದೆ ಎಂದರ್ಥ. ಹೈಡ್ರೋಕಾರ್ಬನ್ ಹೆಚ್ಚಾಗಿದ್ದಲ್ಲಿ ಇಂಧನದ ಒಂದು ಭಾಗ ಉರಿಯದೆಯೇ ಹೊರಹೋಗುತ್ತಿದೆ ಎಂದರ್ಥ. ಪ್ಲಗ್ ಅಥವಾ ಇಗ್ನಿಷನ್ ದೋಷದಲ್ಲಿ ಹೀಗಾಗುತ್ತದೆ. ಭಾರತ್ ಸ್ಟೇಜ್ 3 ಪೆಟ್ರೋಲ್ ಕಾರುಗಳಿಗೆ ಮೊನಾಕ್ಸೈಡ್ ಮಿತಿ ಶೇಕಡ 0.5 ಹಾಗೂ ಹೈಡ್ರೋಕಾರ್ಬನ್ ಮಿತಿ ದಶಲಕ್ಷಕ್ಕೆ 750 ಭಾಗ. ಭಾರತ್ ಸ್ಟೇಜ್ 4 ಪೆಟ್ರೋಲ್ ಕಾರುಗಳಿಗೆ ಇವು ಕ್ರಮವಾಗಿ ಶೇಕಡ 0.3 ಮತ್ತು 200 ಭಾಗ. ಪ್ರತಿ ವಾಹನಕ್ಕೆ ಅನ್ವಯಿಸುವ ಮಿತಿಯನ್ನು ಪ್ರಮಾಣ ಪತ್ರದಲ್ಲಿಯೇ ಅಳತೆಯ ಪಕ್ಕದಲ್ಲಿ ನೋಡಬಹುದು.

ಹಳೆಯ ಪ್ರಮಾಣ ಪತ್ರಗಳನ್ನು ಎಸೆಯದೆ ಕಾಪಾಡಿಕೊಂಡಲ್ಲಿ ಬದಲಾವಣೆ ಕಣ್ಣಿಗೆ ಬೀಳುತ್ತದೆ. ಹಿಂದಿನ ಬಾರಿ 0.05 ಇದ್ದ ಮೊನಾಕ್ಸೈಡ್ ಈ ಬಾರಿ 0.25ಕ್ಕೆ ಏರಿದ್ದರೆ, ಕಾರು ತೇರ್ಗಡೆಯಾಗಿದ್ದರೂ ಪರಿಶೀಲನೆ ಅಗತ್ಯ. ಕೆಟಲಿಟಿಕ್ ಕನ್ವರ್ಟರ್ ಸುಸ್ಥಿತಿಯಲ್ಲಿದ್ದಾಗ ಸಣ್ಣ ದೋಷಗಳು ಅದರ ಹಿಂದೆ ಮರೆಯಾಗುವುದರಿಂದ, ತೇರ್ಗಡೆಯೊಂದೇ ದೋಷವಿಲ್ಲವೆಂಬುದಕ್ಕೆ ಪುರಾವೆಯಾಗುವುದಿಲ್ಲ.

7. ಇಂಧನದ ಗುಣಮಟ್ಟ ಮತ್ತು ಅಳತೆ

7.1 ಎಥನಾಲ್ ಮಿಶ್ರಣ: ಹಾವೇರಿ ಜಿಲ್ಲೆಯ ಪ್ರಮುಖ ಬೆಳೆಯಾದ ಗೋವಿನಜೋಳ ಹಾಗೂ ಕಬ್ಬಿನಿಂದ ಎಥನಾಲ್ ತಯಾರಿಸಲಾಗುತ್ತದೆ. ಪೆಟ್ರೋಲ್‌ನಲ್ಲಿ ಅದರ ಮಿಶ್ರಣವು 2022ರಲ್ಲಿ ಶೇಕಡ 10 ಹಾಗೂ 2025ರಲ್ಲಿ ಶೇಕಡ 20ರ ಮಟ್ಟ ತಲುಪಿತು. ಎಥನಾಲ್‌ನಲ್ಲಿ ಪ್ರತಿ ಲೀಟರಿಗೆ ಪೆಟ್ರೋಲ್‌ಗಿಂತ ಸುಮಾರು ಮೂರನೆಯ ಒಂದರಷ್ಟು ಕಡಿಮೆ ಶಕ್ತಿ ಇರುತ್ತದೆ. ನೀತಿ ಆಯೋಗದ ಸಹಯೋಗದಲ್ಲಿ 2021ರಲ್ಲಿ ಪ್ರಕಟವಾದ ಮಾರ್ಗಸೂಚಿಯು, ಶುದ್ಧ ಪೆಟ್ರೋಲ್‌ಗಾಗಿ ವಿನ್ಯಾಸಗೊಂಡು ಶೇಕಡ 10ರ ಮಿಶ್ರಣಕ್ಕೆ ಹೊಂದಿಸಲಾದ ನಾಲ್ಕು ಚಕ್ರ ವಾಹನಗಳಲ್ಲಿ ಶೇಕಡ 20ರ ಮಿಶ್ರಣದಿಂದ ಶೇಕಡ 6ರಿಂದ 7ರಷ್ಟು, ಶೇಕಡ 10ಕ್ಕೆ ವಿನ್ಯಾಸಗೊಂಡು ಶೇಕಡ 20ಕ್ಕೆ ಹೊಂದಿಸಲಾದ ವಾಹನಗಳಲ್ಲಿ ಶೇಕಡ 1ರಿಂದ 2ರಷ್ಟು ಇಂಧನ ಕ್ಷಮತೆ ಇಳಿಯಬಹುದೆಂದು ಅಂದಾಜಿಸಿತ್ತು. ಆದ್ದರಿಂದ ಹಳೆಯ ಕಾರಿನ ಸಣ್ಣ ಕುಸಿತಕ್ಕೆ ಇಂಧನವೇ ಕಾರಣವಿರಬಹುದು. ಲೀಟರಿಗೆ 18 ಕಿ.ಮೀ. ಇದ್ದುದು 14ಕ್ಕೆ ಇಳಿದಿದ್ದಲ್ಲಿ ಬೇರೆ ಕಾರಣವನ್ನು ಹುಡುಕಲೇಬೇಕು.

7.2 ಬಂಕ್‌ನಲ್ಲಿ ಗ್ರಾಹಕರ ಹಕ್ಕು: ಗ್ರಾಹಕರು ಸಂಶಯವಿದ್ದಲ್ಲಿ 5 ಲೀಟರ್ ಅಳತೆಯ ಮುದ್ರಿತ ಪಾತ್ರೆಯಲ್ಲಿ ಅಳೆದು ತೋರಿಸುವಂತೆ ಕೇಳಬಹುದು. 5 ಲೀಟರ್‌ಗೆ 25 ಮಿ.ಲೀ. ಮೀರಿದ ಕೊರತೆಯು ಅನುಮತಿಸಲ್ಪಟ್ಟಿಲ್ಲ. ಈ ಮಿತಿಯು ಶೇಕಡ 0.5 ಮಾತ್ರ ಆಗಿರುವುದರಿಂದ, ಪಾತ್ರೆಯ ಅಳತೆ ಸರಿಯಿದ್ದಲ್ಲಿ ದೊಡ್ಡ ಕುಸಿತಕ್ಕೆ ಆ ಪಂಪಿನ ಅಳತೆಯು ಕಾರಣವಲ್ಲ. ಇಂಧನ ತುಂಬಿಸುವ ಮೊದಲು ಮೀಟರ್ ಸೊನ್ನೆಯಲ್ಲಿರುವುದನ್ನು ನೋಡಿ, ರಸೀದಿ ಪಡೆಯತಕ್ಕದ್ದು.

ಪೆಟ್ರೋಲ್ ಕಲಬೆರಕೆಯ ಪ್ರಾಥಮಿಕ ಪರೀಕ್ಷೆಗಾಗಿ ಫಿಲ್ಟರ್ ಕಾಗದವನ್ನು ಕೇಳಬಹುದು. ಕಾಗದದ ಮೇಲೆ ಹಾಕಿದ ಒಂದು ಹನಿ ಪೆಟ್ರೋಲ್ ಸುಮಾರು ಎರಡು ನಿಮಿಷಗಳಲ್ಲಿ ಎಣ್ಣೆಯ ಕಲೆ ಉಳಿಸದೆ ಆರಬೇಕು. ಸಾಂದ್ರತೆಯನ್ನೂ ಪರಿಶೀಲಿಸಲು ಕೋರಬಹುದು. 15 ಡಿಗ್ರಿ ಸೆಲ್ಸಿಯಸ್‌ಗೆ ಪರಿವರ್ತಿಸಿದ ಸಾಂದ್ರತೆಯು ದಾಖಲಿತ ಸಾಂದ್ರತೆಗಿಂತ ಘನ ಮೀಟರಿಗೆ 3 ಕಿ.ಗ್ರಾಂ.ಗಿಂತ ಹೆಚ್ಚು ವ್ಯತ್ಯಾಸವಾಗಬಾರದು.

8. ಸಾಮಾನ್ಯ ತಪ್ಪು ಕಲ್ಪನೆಗಳು

ಇಳಿಜಾರಿನಲ್ಲಿ ಗೇರ್ ಬಿಡಿಸಿದರೆ ಉಳಿತಾಯ: ಇದು ಅಪಾಯಕಾರಿ. ಎಂಜಿನ್‌ನ ತಡೆ ಇಲ್ಲವಾಗಿ ಇಡೀ ಹೊರೆ ಬ್ರೇಕ್ ಮೇಲೆ ಬೀಳುತ್ತದೆ. ಇಂಜೆಕ್ಷನ್ ಕಾರುಗಳಲ್ಲಿ ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟಾಗ ಇಂಧನ ಪೂರೈಕೆಯೇ ಕಡಿತಗೊಳ್ಳುವುದರಿಂದ ಉಳಿತಾಯವೂ ಇಲ್ಲ.

ಮುಂಜಾನೆ ತುಂಬಿಸಿದರೆ ಹೆಚ್ಚು ಪೆಟ್ರೋಲ್: ಇಂಧನವು ನೆಲದಡಿಯ ಟ್ಯಾಂಕಿನಲ್ಲಿರುವುದರಿಂದ ದಿನದಲ್ಲಿ ಅದರ ಉಷ್ಣಾಂಶ ಹೆಚ್ಚು ಬದಲಾಗುವುದಿಲ್ಲ. ಲಾಭವು ನಗಣ್ಯ.

ದುಬಾರಿ ಪೆಟ್ರೋಲ್ ಮೈಲೇಜ್ ಹೆಚ್ಚಿಸುತ್ತದೆ: ಕೈಪಿಡಿಯಲ್ಲಿ ಸೂಚಿಸದಿದ್ದಲ್ಲಿ ಅಧಿಕ ಆಕ್ಟೇನ್ ಇಂಧನದಿಂದ ಹೇಳಿಕೊಳ್ಳುವಂತಹ ಪ್ರಯೋಜನವಿಲ್ಲ. ಕೊಳವೆಗೆ ಕಟ್ಟುವ ಆಯಸ್ಕಾಂತ ಮುಂತಾದ ಸಾಧನಗಳಿಗೆ ಹಣ ವ್ಯಯಿಸಬಾರದು.

9. ದೂರು ಸಲ್ಲಿಸುವ ವಿಧಾನ

ಅಳತೆಯ ಕೊರತೆ: ಕಾನೂನು ಮಾಪನಶಾಸ್ತ್ರ ಇಲಾಖೆಗೆ, ಬಂಕ್‌ನ ಹೆಸರು, ದಿನಾಂಕ, ಸಮಯ, ಪಂಪ್ ಸಂಖ್ಯೆ ಮತ್ತು ರಸೀದಿಯ ಪ್ರತಿಯೊಂದಿಗೆ ದೂರು ನೀಡಬಹುದು.

ಕಲಬೆರಕೆ: ಬಂಕ್‌ನಲ್ಲಿರುವ ದೂರು ಪುಸ್ತಕದಲ್ಲಿ ನಮೂದಿಸಿ, ಸಂಬಂಧಿಸಿದ ತೈಲ ಕಂಪನಿಗೆ ತಿಳಿಸಬಹುದು.

ದುರಸ್ತಿ ಸೇವೆ ಅಥವಾ ಕಾರಿನ ತಯಾರಿಕಾ ದೋಷ: ಮೊದಲು ಸೇವಾ ಕೇಂದ್ರಕ್ಕೆ ಲಿಖಿತವಾಗಿ ತಿಳಿಸತಕ್ಕದ್ದು. ಪರಿಹಾರ ದೊರೆಯದಿದ್ದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು ಅಥವಾ ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರನ್ವಯ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಸಲ್ಲಿಸಬಹುದು. ವ್ಯಾಜ್ಯ ಕಾರಣ ಉಂಟಾದ ಎರಡು ವರ್ಷಗಳೊಳಗೆ ದೂರು ಸಲ್ಲಿಕೆಯಾಗಬೇಕು. ಪಾವತಿಸಿದ ಮೊತ್ತ 5 ಲಕ್ಷ ರೂಪಾಯಿಗಳವರೆಗಿದ್ದಲ್ಲಿ ಶುಲ್ಕವಿರುವುದಿಲ್ಲ.

ಲಗತ್ತಿಸಬೇಕಾದ ದಾಖಲೆಗಳು: ನೋಂದಣಿ ಪ್ರಮಾಣ ಪತ್ರ, ಇಂಧನ ರಸೀದಿಗಳು, ಓಡೋಮೀಟರ್ ಅಂಕಿಗಳ ದಿನಾಂಕವಾರು ಪಟ್ಟಿ, ಸೇವಾ ಕೇಂದ್ರದ ಜಾಬ್ ಕಾರ್ಡ್ ಮತ್ತು ಬಿಲ್ಲುಗಳು, ಸ್ಕ್ಯಾನ್ ವರದಿ, ಹಳೆಯ ಮತ್ತು ಹೊಸ ವಾಯುಮಾಲಿನ್ಯ ತಪಾಸಣಾ ಪ್ರಮಾಣ ಪತ್ರಗಳು. ಮೈಲೇಜ್ ಕಡಿಮೆ ಎಂಬ ಬಾಯಿಮಾತಿನ ದೂರಿಗೆ ಹೋಲಿಕೆಯ ಆಧಾರವಿರುವುದಿಲ್ಲ. ಅಂಕಿಗಳ ಪಟ್ಟಿಯೊಂದಿಗೆ ಸಲ್ಲಿಸಿದ ದೂರನ್ನು ಪರಿಶೀಲಿಸಲು ಸಾಧ್ಯವಾಗುತ್ತದೆ.

10. ತಪಾಸಣಾ ಕ್ರಮದ ಸಾರಾಂಶ

1) ಸೋರಿಕೆ ಇಲ್ಲವೆಂದು ಖಚಿತಪಡಿಸಿಕೊಳ್ಳುವುದು.
2) ಮೂರು ಬಾರಿ ಟ್ಯಾಂಕ್ ತುಂಬಿಸಿ ಅಳೆಯುವುದು, ಹಿಂದಿನ ದಾಖಲೆಯೊಂದಿಗೆ ಹೋಲಿಸುವುದು.
3) ಟೈರ್ ಗಾಳಿ, ಬ್ರೇಕ್, ಚಕ್ರಗಳ ಜೋಡಣೆ, ಭಾರ, ವೇಗ ಮತ್ತು ಪ್ರಯಾಣದ ಸ್ವರೂಪವನ್ನು ಪರಿಶೀಲಿಸುವುದು.
4) ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ ಪುನಃ ಅಳೆಯುವುದು. ಹಲವು ಬದಲಾವಣೆಗಳನ್ನು ಒಟ್ಟಿಗೆ ಮಾಡಿದಲ್ಲಿ ನಿಜವಾದ ಕಾರಣ ತಿಳಿಯುವುದಿಲ್ಲ.
5) ವಾಯುಮಾಲಿನ್ಯ ತಪಾಸಣೆಯ ಅಂಕಿಗಳನ್ನು ಓದುವುದು, ಎಚ್ಚರಿಕೆ ದೀಪವಿದ್ದಲ್ಲಿ ಸ್ಕ್ಯಾನ್ ಮಾಡಿಸುವುದು.
6) ಕಾರಣ ಖಚಿತವಾದ ನಂತರವೇ ಬಿಡಿಭಾಗ ಬದಲಾಯಿಸುವುದು, ಬದಲಾಯಿಸಿದ ಹಳೆಯ ಬಿಡಿಭಾಗ ಮತ್ತು ಬಿಲ್ಲನ್ನು ಕೇಳಿ ಪಡೆಯುವುದು.

ನೋಂದಣಿ ಹಾಗೂ ವಾಯುಮಾಲಿನ್ಯ ತಪಾಸಣೆಗೆ ಸಂಬಂಧಿಸಿದ ಹೆಚ್ಚಿನ ವಿವರಗಳಿಗಾಗಿ, ಕೆಎ 27 ಸರಣಿಯ ವಾಹನಗಳ ಮಾಲೀಕರು ಹಾವೇರಿಯ ಪ್ರಾದೇಶಿಕ ಸಾರಿಗೆ ಕಚೇರಿಯನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದಾಗಿದೆ.